ಕರಡಿಯಿರುವ ಕಾಡಿನಲ್ಲಿ ಪುಳಿಯೋಗರೆ ಎಲ್ಲಿಡಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ತುಮಕೂರಿನಿಂದ ಅತ್ತೆ, ಮಾವ ಬಂದಿದ್ದಾರೆ. ಜೂನ್ ಮೊದಲ ವಾರ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯಲ್ಲಿರುವ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ರಾತ್ರಿಗೆ ಜಾಗ ಸಿಕ್ಕಿದೆ. ನಾವಿಬ್ಬರು, ಅವರಿಬ್ಬರು, ಒಂಬತ್ತು ಮತ್ತು ಐದು ವರ್ಷದ ಮಕ್ಕಳಿಬ್ಬರು. ಅಲ್ಲಿ ಕರಡಿಗಳಿವೆ ಎಂದು ತಿಳಿದಾಗಿನಿಂದ ಅತ್ತೆಯವರು ಟೆಂಟಿನಲ್ಲಿ ಮಲಗುವುದೇ ಇಲ್ಲ, ಕಾರಿನಲ್ಲೇ ಮಲಗುತ್ತೇನೆ ಎನ್ನುತ್ತಿದ್ದಾರೆ. ಆದರೆ ಅಡುಗೆ ಮಾತ್ರ ಅಲ್ಲೇ ಆಗಬೇಕಂತೆ: ಅನ್ನ, ಸಾರು, ಪುಳಿಯೋಗರೆ. ವಾಸನೆಗೆ ಕರಡಿ ಬರುವುದಿಲ್ಲವೇ? ಉಳಿದದ್ದನ್ನು ಕಾರಿನಲ್ಲಿಡಬಹುದೇ? ಕರಡಿಗೆ ಹೊಡೆಯುವ ಖಾರದ ಸ್ಪ್ರೇ ಕೊಳ್ಳಬೇಕೇ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಪರವಾಗಿ ಒಂದು ಮಾತು. ಅವರ ಭಯ ಸುಳ್ಳಲ್ಲ, ವಿಳಾಸ ತಪ್ಪಿದೆ ಅಷ್ಟೆ. ತುಮಕೂರು ಸೀಮೆಯವರಿಗೆ ಕರಡಿ ಎಂದರೆ ಪಾವಗಡ, ಮಧುಗಿರಿ ಕಡೆಯ ಕಲ್ಲುಗುಡ್ಡಗಳಲ್ಲಿರುವ ಕರಡಿ. ಹೊಲಕ್ಕೆ ಹೋದವರ ಮುಖ, ನೆತ್ತಿ ಪರಚಿ ಹಾಕಿದ ಸುದ್ದಿಯನ್ನು ಅವರು ಚಿಕ್ಕಂದಿನಿಂದ ಕೇಳಿರುತ್ತಾರೆ. ನಾನು ಬಳ್ಳಾರಿ ಕಡೆಯವನು. 1994ರಲ್ಲಿ ಹಂಪಿಯ ಹತ್ತಿರ ದರೋಜಿಯಲ್ಲಿ ಕರಡಿಧಾಮ ಆಗುವುದಕ್ಕೂ ಮುಂಚಿನಿಂದ ಆ ಪ್ರಾಣಿಯನ್ನು ದೂರದಿಂದ ಬಲ್ಲೆ, ಹತ್ತಿರದಿಂದ ಬಲ್ಲವರ ಮುಖಗಳನ್ನೂ ನೋಡಿದ್ದೇನೆ. ನಮ್ಮ ಕರಡಿಯ ಊಟ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳೇ ಅದಕ್ಕಿಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಹುಲಿ, ಚಿರತೆಗಳ ನಡುವೆ ಬದುಕಿ ಬಂದ ಜೀವ. ಬೆಚ್ಚಿಬಿದ್ದರೆ ಓಡಿಹೋಗುವುದಕ್ಕಿಂತ ಮೇಲೆ ಬೀಳುವುದೇ ಅದರ ಅಭ್ಯಾಸ.

ಯೊಸೆಮಿಟಿಯಲ್ಲಿರುವುದು ಅಮೆರಿಕದ ಕಪ್ಪು ಕರಡಿ. ಹೆಸರಿಗೆ ಕಪ್ಪು, ಅಲ್ಲಿನ ಬಹುಪಾಲು ಕರಡಿಗಳ ಮೈಬಣ್ಣ ಕಂದು, ಕೆಲವು ಬೆಲ್ಲದ ಬಣ್ಣದವೂ ಉಂಟು. ಬಣ್ಣ ನೋಡಿ ಗ್ರಿಜ್ಲಿ, ಅಂದರೆ ಇದಕ್ಕಿಂತ ದೊಡ್ಡ, ಹೆಚ್ಚು ಅಪಾಯದ ಕಂದು ಕರಡಿ, ಎಂದು ಗಾಬರಿಯಾಗಬೇಡಿ. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಈಗಲೂ ನಡೆಯುತ್ತಿರುವ ಗ್ರಿಜ್ಲಿಯನ್ನು ಆ ರಾಜ್ಯದ ಜನ 1920ರ ದಶಕದಲ್ಲೇ ಕೊಂದು ಮುಗಿಸಿದರು. ಉದ್ಯಾನದಲ್ಲಿ ಈಗ ಮುನ್ನೂರರಿಂದ ಐನೂರು ಕಪ್ಪು ಕರಡಿಗಳಿವೆ ಎಂಬ ಅಂದಾಜಿದೆ. ಇದು ಹೆದರಿದರೆ ಮರ ಹತ್ತುವ ಪ್ರಾಣಿ. ಅಲ್ಲಿ ಕಪ್ಪು ಕರಡಿಯಿಂದ ಒಬ್ಬರೂ ಸತ್ತ ದಾಖಲೆ ಇಲ್ಲ. ಹಾಗೆ ನೋಡಿದರೆ ಅಲ್ಲಿ ಜಿಂಕೆಯ ಕೊಂಬು ತಿವಿದು 1977ರಲ್ಲಿ ಒಬ್ಬ ಪುಟ್ಟ ಹುಡುಗ ಸತ್ತಿದ್ದಾನೆ. ಟೆಂಟಿನ ಹತ್ತಿರ ಮೇಯಲು ಬರುವ ಜಿಂಕೆಯ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವ ತಂದೆತಾಯಿಗಳನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ಕಾರಿನ ವಿಷಯ. ಅತ್ತೆಯವರು ಕರಡಿಗೆ ಹೆದರಿ ಕಾರಿನೊಳಗೆ ಮಲಗುತ್ತೇನೆ ಎನ್ನುತ್ತಿದ್ದಾರಲ್ಲ, ಇಡೀ ಕಣಿವೆಯಲ್ಲಿ ಕರಡಿ ತೆರೆಯಲು ಪಳಗಿರುವ ವಸ್ತು ಯಾವುದಾದರೂ ಇದ್ದರೆ ಅದು ಕಾರೇ! ನನ್ನ ಅನುಭವವನ್ನೇ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಇದೇ ಕಣಿವೆಯಲ್ಲಿ ಇಳಿದುಕೊಂಡಿದ್ದೆವು. ಅಕ್ಕಿ, ಬೇಳೆ, ಉಪ್ಪಿನಕಾಯಿ, ಎಲ್ಲವನ್ನೂ ಶ್ರದ್ಧೆಯಿಂದ ಕಬ್ಬಿಣದ ಪೆಟ್ಟಿಗೆಗೆ ಸೇರಿಸಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಹಿಂದಿನ ಬಾಗಿಲಿನ ಮೇಲಂಚು ದೋಸೆಯ ಅಂಚು ಮಗುಚಿದಂತೆ ಹೊರಕ್ಕೆ ಬಾಗಿತ್ತು. ಗಾಜು ಪುಡಿಪುಡಿಯಾಗಿ ಸೀಟಿನ ಮೇಲೆ ಹರಡಿತ್ತು. ಬಣ್ಣದ ಮೇಲೆ ಐದು ಗೀರು. ಮಗುವಿನ ಸೀಟಿನ ಬಟ್ಟೆ ಹರಿದು ಸ್ಪಂಜು ಹೊರಗೆ ಬಂದಿತ್ತು, ಅದರ ಸಂದಿಗಳಲ್ಲಿದ್ದ ಬಿಸ್ಕತ್ತಿನ ಪುಡಿ ಮಾತ್ರ ನೆಕ್ಕಿ ಒರೆಸಿದ ಹಾಗೆ ಸ್ವಚ್ಛ. ಬಾಗಿಲಿನ ಜೇಬಿನಲ್ಲಿ ಮರೆತಿದ್ದ ಕೊಬ್ಬರಿ ಎಣ್ಣೆಯ ಡಬ್ಬಿ ಹತ್ತು ಹೆಜ್ಜೆ ದೂರದಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಟೆಂಟಿನಲ್ಲಿ ಮಲಗಿದ್ದ ನಾವು ನಾಲ್ವರೂ ಏನೂ ಕೇಳಿಸಿಕೊಳ್ಳದೆ ಗೊರಕೆ ಹೊಡೆದಿದ್ದೆವು.

ತಪ್ಪು ಪೂರ್ತಿ ನನ್ನದು. ಅಲ್ಲಿನ ನಿಯಮದಲ್ಲಿ ‘ಆಹಾರ’ ಎಂಬ ಮಾತಿಗೆ ನಾವು ಕೊಡುವ ಅರ್ಥವಿಲ್ಲ. ವಾಸನೆ ಬರುವ ಪ್ರತಿಯೊಂದೂ ಅಲ್ಲಿ ಆಹಾರವೇ. ಸೋಪು, ಟೂತ್‌ಪೇಸ್ಟ್, ಕಸದ ಚೀಲ, ಮುಚ್ಚಳ ತೆಗೆಯದ ಡಬ್ಬಿ, ಮಗುವಿನ ಒದ್ದೆ ಟಿಶ್ಯೂ, ಬಿಸಿಲಿಗೆ ಹಚ್ಚುವ ಕ್ರೀಮು ಎಲ್ಲವೂ ಸೇರಿತು. ನಮ್ಮ ಮನೆಗಳಿಗೆ ಈ ಪಟ್ಟಿಯನ್ನು ನಾನು ಹೀಗೆ ಬೆಳೆಸುತ್ತೇನೆ: ಅತ್ತೆಯವರ ತಲೆಗೆ ಹಚ್ಚುವ ಎಣ್ಣೆ, ಮಾವನವರ ಮಂಡಿಗೆ ತಿಕ್ಕುವ ಅಮೃತಾಂಜನ, ಊದುಬತ್ತಿ, ದೇವರ ಪ್ರಸಾದದ ಪೊಟ್ಟಣ, ಕೈಚೀಲದ ತಳದಲ್ಲಿರುವ ಏಲಕ್ಕಿ ಮತ್ತು ಅಡಿಕೆಪುಡಿ, ಮಕ್ಕಳ ಜೇಬಿನ ಚೂಯಿಂಗ್ ಗಮ್. ಹೊರಡುವ ಹಿಂದಿನ ದಿನ ಕಾರಿನ ಸೀಟುಗಳನ್ನು ಕಳಚಿ ವ್ಯಾಕ್ಯೂಮ್ ಹಾಕಿ. ನಿಮ್ಮದು ಮಿನಿವ್ಯಾನ್ ಆಗಿದ್ದರೆ ಎರಡು ಸಲ ಹಾಕಿ. 2001ರಿಂದ 2007ರವರೆಗೆ ಯೊಸೆಮಿಟಿಯಲ್ಲಿ ಕರಡಿಗಳು ಒಡೆದ ವಾಹನಗಳ ಲೆಕ್ಕ ತೆಗೆದು ನೋಡಿದ ಸಂಶೋಧಕರಿಗೆ, ಅಲ್ಲಿಗೆ ಬರುವ ವಾಹನಗಳಲ್ಲಿ ಮಿನಿವ್ಯಾನ್‌ಗಳ ಪಾಲು ಎಷ್ಟೋ ಅದಕ್ಕಿಂತ ಬಹಳ ಹೆಚ್ಚು ಮಿನಿವ್ಯಾನ್‌ಗಳನ್ನು ಕರಡಿಗಳು ಆರಿಸಿಕೊಂಡದ್ದು ಕಂಡಿತು. ಮಕ್ಕಳಿರುವ ಮನೆಯ ಗಾಡಿ, ಚೆಲ್ಲಿದ ಹಾಲು, ಉದುರಿದ ತಿಂಡಿ. ಬೇರೆ ವಿವರಣೆ ಬೇಕೇ?

ಹಾಗಾಗಿ ಉಳಿದ ಅಡುಗೆಯನ್ನು ಕಾರಿನಲ್ಲಿಡಬಹುದೇ ಎಂಬ ಪ್ರಶ್ನೆಗೆ ಉತ್ತರ: ಕತ್ತಲಾದ ಮೇಲೆ ಒಂದು ಕೊತ್ತಂಬರಿ ಕಾಳೂ ಇರಕೂಡದು. ಹಗಲಿನಲ್ಲಿ ಎಲ್ಲಿಗಾದರೂ ಸುತ್ತಾಡಲು ಹೋದಾಗ, ಗಾಜುಗಳನ್ನು ಪೂರ್ತಿ ಏರಿಸಿ, ಹೊರಗೆ ಕಾಣದಂತೆ ಬುತ್ತಿಯನ್ನು ಕಾರಿನಲ್ಲಿಡಲು ಅವಕಾಶವಿದೆ. ಕ್ಯಾಂಪಿನಲ್ಲಿದ್ದಾಗ ಹಗಲಾಗಲಿ, ರಾತ್ರಿಯಾಗಲಿ ಎಲ್ಲವೂ ಲಾಕರ್‌ನಲ್ಲೇ, ಅಂದರೆ ಆ ಕಬ್ಬಿಣದ ಪೆಟ್ಟಿಗೆಯಲ್ಲೇ. ತಪ್ಪಿದರೆ 5,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಉದ್ಯಾನದವರಿಗಿದೆ.

ಈ ಲಾಕರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಎರಡು ರಾತ್ರಿಗಳ ನೆಮ್ಮದಿ ಅದರೊಳಗಿದೆ. ಪ್ರತಿ ಜಾಗದಲ್ಲೂ ನೆಲಕ್ಕೆ ಬಿಗಿದ ಕಂದುಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಸಾಮಾನ್ಯವಾಗಿ ಅದರ ಅಗಲ 45 ಅಂಗುಲ, ಆಳ 33, ಎತ್ತರ 18. ಈ ಹದಿನೆಂಟು ಅಂಗುಲವನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಐಸ್ ಪೆಟ್ಟಿಗೆ ತಂದು, ಅದು ಒಳಗೆ ಹೋಗದೆ, ಸಂಜೆ ಏಳು ಗಂಟೆಗೆ ಹಾಲು, ಮೊಸರು, ತರಕಾರಿಗಳನ್ನೆಲ್ಲ ಹೊರತೆಗೆದು ಜೋಡಿಸುತ್ತಾ ಪರದಾಡುವ ಕುಟುಂಬವೊಂದು ಪ್ರತಿ ವಾರಾಂತ್ಯ ಅಲ್ಲಿ ಸಿಕ್ಕೇ ಸಿಗುತ್ತದೆ. ಮನೆಯಲ್ಲೇ ಟೇಪು ಹಿಡಿದು ಅಳೆದುಕೊಳ್ಳಿ. ಆರು ಜನರ ಸಾಮಾನಿಗೆ ಒಂದು ಚಿಕ್ಕ ಐಸ್ ಪೆಟ್ಟಿಗೆ, ಎರಡು ಪ್ಲಾಸ್ಟಿಕ್ ಡಬ್ಬಗಳು, ಒಂದು ಚೀಲ ಸೋಪು, ಎಣ್ಣೆ ಇತ್ಯಾದಿ. ಅಷ್ಟಕ್ಕೆ ನಿಲ್ಲಿಸಿ. ಆರು ಜನ ಎಂದೆನಲ್ಲ, ಒಂದು ಜಾಗಕ್ಕೆ ಮಕ್ಕಳೂ ಸೇರಿ ಆರೇ ಜನರ ಮಿತಿ. ನೀವು ಸರಿಯಾಗಿ ಆರು ಜನ ಇದ್ದೀರಿ, ಕೊನೆಯ ಗಳಿಗೆಯಲ್ಲಿ ಸ್ನೇಹಿತರನ್ನು ಸೇರಿಸಿಕೊಳ್ಳಬೇಡಿ.

ಅಡುಗೆ ಮಾಡುವಾಗಲೂ ಲಾಕರ್ ಬಾಗಿಲು ಮುಚ್ಚಿರಬೇಕು, ಚಿಲಕ ಹಾಕಿರಬೇಕು. ನಮ್ಮವರು ಎಡವುವುದು ಇಲ್ಲೇ. ಊರಿನ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುತ್ತಿರುವಾಗ ಡಬ್ಬಿಗಳೆಲ್ಲ ಬಾಯಿ ತೆರೆದುಕೊಂಡೇ ಇರುತ್ತವೆ. ಅಲ್ಲಿ ಕೈಗೆ ಎಟುಕುವಷ್ಟನ್ನೇ ಹೊರಗಿಟ್ಟು, ಬೇಕಾದದ್ದನ್ನು ತೆಗೆದು, ಮತ್ತೆ ಮುಚ್ಚಬೇಕು. ಒಂಬತ್ತು ವರ್ಷದ ದೊಡ್ಡ ಮಗುವಿಗೆ ‘ಲಾಕರ್ ಕಾವಲು’ ಎಂಬ ಹುದ್ದೆ ಕೊಡಿ. ಮಕ್ಕಳು ಈ ಕೆಲಸವನ್ನು ನಮಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ, ಅಜ್ಜಿಯನ್ನೂ ಬಿಡುವುದಿಲ್ಲ.

ವಾಸನೆಗೆ ಕರಡಿ ಬರುತ್ತದೆಯೇ? ಬರಬಹುದು. ನಿಮ್ಮ ಇಂಗಿನ ಒಗ್ಗರಣೆಗೆ ವಿಶೇಷವಾಗಿ ಬರುತ್ತದೆ ಎಂದೇನೂ ಇಲ್ಲ. ಆ ಕ್ಯಾಂಪ್‌ಗ್ರೌಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜಾಗಗಳಿವೆ, ಪಕ್ಕದ ಒಲೆಯ ಮೇಲೆ ಹಂದಿಮಾಂಸ ಹುರಿಯುತ್ತಿರುತ್ತದೆ. ಮೂಗಿಗೆ ಬಿದ್ದದ್ದು ಬಾಯಿಗೆ ಬೀಳದಿದ್ದರೆ ಕರಡಿ ಮುಂದೆ ಹೋಗುತ್ತದೆ. ಆದ್ದರಿಂದ ಧಾರಾಳವಾಗಿ ಅಡುಗೆ ಮಾಡಿ. ಪುಳಿಯೋಗರೆ ಗೊಜ್ಜನ್ನು ಮನೆಯಲ್ಲೇ ಕುದಿಸಿಕೊಂಡು ಹೋಗಿ, ಅಲ್ಲಿ ಅನ್ನ ಮಾಡಿ ಕಲಸಿದರಾಯಿತು. ಕಣಿವೆ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಮೇಲಿದೆ, ಬೆಂಗಳೂರಿಗಿಂತ ಮುನ್ನೂರು ಮೀಟರ್ ಹೆಚ್ಚು ಅಷ್ಟೆ. ಬೇಳೆ ಬೇಯಲು ಒಂದೆರಡು ನಿಮಿಷ ಹೆಚ್ಚು ಹಿಡಿದೀತು. ಕುಕ್ಕರ್ ಒಯ್ಯಿರಿ, ಬೆಳಗಿನ ಜಾವ ಸೀಟಿ ಹೊಡೆಸಬೇಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಎಷ್ಟು ಬೇಕೋ ಅಷ್ಟೇ ಅಳೆದು ಮಾಡಿ. ‘ನಾಳೆಗೂ ಇರಲಿ’ ಎಂಬ ಪಾತ್ರೆ ಅಲ್ಲಿ ದೊಡ್ಡ ತಲೆನೋವು.

ಪಾತ್ರೆ ತೊಳೆದ ನೀರನ್ನು ಮರದ ಬುಡಕ್ಕೆ ಚೆಲ್ಲಬೇಡಿ. ಗಿಡಕ್ಕೆ ಒಳ್ಳೆಯದು ಎಂದು ಅತ್ತೆಯವರು ಅಕ್ಕಿ ತೊಳೆದ ನೀರನ್ನೂ ಹಾಗೇ ಎರಚಲು ಹೋದಾರು. ಅನ್ನದ ಅಗುಳು ಸೋಸಿ ಕಸಕ್ಕೆ ಹಾಕಿ, ನೀರನ್ನು ಶೌಚಾಲಯದ ಕಟ್ಟಡದ ಬಳಿ ಅದಕ್ಕೆಂದೇ ಇರುವ ತೊಟ್ಟಿಗೆ ಸುರಿಯಿರಿ. ಕಸವನ್ನು ಮಲಗುವ ಮುಂಚೆ ಕರಡಿ ತೆರೆಯಲಾಗದ ದೊಡ್ಡ ಕಸದ ಪೆಟ್ಟಿಗೆಗೆ ಹಾಕಿ ಬನ್ನಿ. ಯಾವ ಕಾರಣಕ್ಕೂ ಟೆಂಟಿನೊಳಗೆ ಒಲೆ ಹಚ್ಚಬೇಡಿ. ಇದಕ್ಕೂ ಕರಡಿಗೂ ಸಂಬಂಧವಿಲ್ಲ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಮಲಗಿದವರು ಏಳುವುದಿಲ್ಲ.

ಇಷ್ಟೊಂದು ಕಟ್ಟಳೆ ಯಾಕೆ ಎಂದು ಮಾವನವರು ಕೇಳಬಹುದು. ಅವರಿಗೆ ಈ ಕಥೆ ಹೇಳಿ. 1920ರ ದಶಕದಿಂದ 1940ರವರೆಗೆ ಅದೇ ಕಣಿವೆಯಲ್ಲಿ, ಸಂಜೆಯ ಹೊತ್ತು ದೀಪ ಹಾಕಿ, ಕರಡಿಗಳಿಗೆ ಎಂಜಲು ಸುರಿದು, ಪ್ರವಾಸಿಗರನ್ನು ಕೂರಿಸಿ ತೋರಿಸುತ್ತಿದ್ದರು. ಪ್ರದರ್ಶನ ನಿಂತಿತು. ಕಸದ ಗುಂಡಿಗಳು 1970ರ ದಶಕದ ಆರಂಭದವರೆಗೂ ಉಳಿದವು. ಅವನ್ನೂ ಮುಚ್ಚಿದಾಗ, ಮನುಷ್ಯರ ಊಟದ ರುಚಿ ಹತ್ತಿದ್ದ ಕರಡಿಗಳು ಕ್ಯಾಂಪ್‌ಗ್ರೌಂಡಿಗೂ ಕಾರುಗಳಿಗೂ ತಿರುಗಿದವು. ತಾಯಿ ಕಲಿತದ್ದು ಮರಿಗೆ ಬಂತು. 1998ರ ಒಂದೇ ವರ್ಷದಲ್ಲಿ 1,584 ಪ್ರಕರಣಗಳು, ಆರೂವರೆ ಲಕ್ಷ ಡಾಲರ್‌ಗೂ ಮೀರಿದ ನಷ್ಟ. ಅದಾದ ಮೇಲೆ ಬಂದದ್ದು ಲಾಕರ್‌ಗಳ ದಂಡು, ರಾತ್ರಿ ಟಾರ್ಚ್ ಹಿಡಿದು ಕಾರಿನೊಳಗೆ ಇಣುಕುವ ರೇಂಜರ್‌ಗಳು, ದಂಡ. ಈಗ ಪ್ರಕರಣಗಳು ಶೇಕಡಾ 90ಕ್ಕಿಂತ ಹೆಚ್ಚು ಇಳಿದಿವೆ. ಕರಡಿಗಳೇನೂ ಬುದ್ಧಿ ಕಲಿತು ಸನ್ಯಾಸ ತೆಗೆದುಕೊಂಡಿಲ್ಲ, ಚಿಲಕ ಹಾಕಲು ಜನ ಕಲಿತರು.

ಒಮ್ಮೆ ರುಚಿ ಹತ್ತಿದ ಕರಡಿಯ ಗತಿ ಏನಾಗುತ್ತದೆ ಎನ್ನುವುದೂ ಮಕ್ಕಳಿಗೆ ಗೊತ್ತಿರಲಿ. ಅದನ್ನು ಹಿಡಿದು ಕಿವಿಗೆ ಬಿಲ್ಲೆ ಹಾಕುತ್ತಾರೆ, ಕೆಲವಕ್ಕೆ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟುತ್ತಾರೆ, ಬೆದರಿಸಿ ಓಡಿಸುತ್ತಾರೆ. ದೂರ ಬಿಟ್ಟು ಬಂದರೆ ಬಹಳ ಸಲ ತಿರುಗಿ ಬಂದುಬಿಡುತ್ತದೆ. ಹಗಲಲ್ಲೇ ಜನರ ನಡುವೆ ನುಗ್ಗುವ ಮಟ್ಟಕ್ಕೆ ಬಂದರೆ ಕೊಲ್ಲಬೇಕಾಗುತ್ತದೆ. ನನ್ನ ಕಾರಿನ ಬಾಗಿಲು ಬಗ್ಗಿಸಿದ್ದಕ್ಕೂ ಕಿವಿಯಲ್ಲಿ ಬಿಲ್ಲೆ ಇತ್ತು ಎಂದು ಪಕ್ಕದ ಜಾಗದವರು ಹೇಳಿದರು. ಅದು ಮುಂದೆ ಏನಾಯಿತೋ ಎಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

ಖಾರದ ಸ್ಪ್ರೇ ಕೊಳ್ಳಬೇಡಿ. ಯೆಲ್ಲೊಸ್ಟೋನ್‌ಗೆ ಹೋಗಿಬಂದ ಸ್ನೇಹಿತರು ‘ಅದಿಲ್ಲದೆ ಹೋಗಲೇಬೇಡಿ’ ಎಂದಿರುತ್ತಾರೆ. ಅಲ್ಲಿ ಗ್ರಿಜ್ಲಿಗಳಿವೆ, ಅಲ್ಲಿಗೆ ಆ ಮಾತು ಸರಿ. ಯೊಸೆಮಿಟಿಯೊಳಗೆ ಅದನ್ನು ಒಯ್ಯುವುದಕ್ಕೇ ನಿಷೇಧವಿದೆ. ನಿಮ್ಮ ಆಯುಧ ಗಂಟಲು, ಜೊತೆಗೆ ಒಂದು ತಟ್ಟೆ, ಒಂದು ಸೌಟು. ಕರಡಿ ಕ್ಯಾಂಪಿನೊಳಗೆ ಬಂದರೆ ಎಲ್ಲರೂ ಒಂದೆಡೆ ಸೇರಿ ನಿಂತು, ಚಿಕ್ಕವನನ್ನೋ ಚಿಕ್ಕವಳನ್ನೋ ಎತ್ತಿಕೊಂಡು, ಎದೆಯಾಳದಿಂದ ಕೂಗಬೇಕು. ತಟ್ಟೆ ಬಡಿಯಬೇಕು. ಸೌಮ್ಯವಾಗಿ ‘ಹೋಗು, ಹೋಗು’ ಎಂದರೆ ಸಾಲದು, ಹೊಲಕ್ಕೆ ನುಗ್ಗಿದ ಹಂದಿಯನ್ನು ಓಡಿಸುವ ಗಂಟಲು ಬೇಕು. ಮಾವನವರಿಗೆ ಇದು ಚೆನ್ನಾಗಿ ಬಂದೀತು. ಆಗ ರಾತ್ರಿ ಎರಡು ಗಂಟೆಯಾಗಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ, ಪಕ್ಕದವರೂ ದನಿಗೂಡಿಸುತ್ತಾರೆ. ಎರಡು ಎಚ್ಚರಿಕೆ: ಕರಡಿಗೆ ಓಡಿಹೋಗಲು ದಾರಿ ಬಿಟ್ಟಿರಬೇಕು, ಸುತ್ತುವರಿಯಬಾರದು. ಅದರ ಬಾಯಿಗೆ ಆಗಲೇ ಏನಾದರೂ ಸಿಕ್ಕಿದ್ದರೆ ಕಸಿಯಲು ಹೋಗಬಾರದು. ಇದೆಲ್ಲ ಕ್ಯಾಂಪಿನ ಮಾತು. ಕಾಡಿನ ಹಾದಿಯಲ್ಲಿ ತನ್ನ ಪಾಡಿಗೆ ಹುಲ್ಲು ಮೇಯುತ್ತಿರುವ ಕರಡಿ ಕಂಡರೆ ಕೂಗುವ ಅಗತ್ಯವಿಲ್ಲ; ಐವತ್ತು ಗಜ ದೂರ ನಿಂತು ಕಣ್ತುಂಬ ನೋಡಿ. ಹುಲ್ಲು ಮೇಯುವುದನ್ನು ಕಂಡು ಅತ್ತೆಯವರ ಭಯ ಅರ್ಧ ಇಳಿದೀತು.

ನಾವೆಲ್ಲ ಶಾಲೆಯಲ್ಲಿ ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆ ಓದಿದ್ದೇವೆ. ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಉಸಿರು ಹಿಡಿದು ಸತ್ತಂತೆ ಬೀಳುತ್ತಾನೆ, ಕರಡಿ ಮೂಸಿ ಹೋಗುತ್ತದೆ. ಕಪ್ಪು ಕರಡಿಯ ಮಟ್ಟಿಗೆ ಆ ಇಬ್ಬರೂ ದಡ್ಡರು. ಅದು ನಮ್ಮೆಲ್ಲರಿಗಿಂತ ಚೆನ್ನಾಗಿ ಮರ ಹತ್ತುತ್ತದೆ. ಬಹಳ ಅಪರೂಪಕ್ಕೆ ಮೈಮೇಲೆ ಬಿದ್ದರೆ ಸತ್ತಂತೆ ಬೀಳದೆ ಕೈಗೆ ಸಿಕ್ಕಿದ್ದರಿಂದ ಹೊಡೆದಾಡಬೇಕು ಎಂಬುದು ಅಲ್ಲಿನವರ ಸಲಹೆ. ಮಕ್ಕಳಿಗೆ ಕಥೆ ಹೇಳುವಾಗ ಈ ತಿದ್ದುಪಡಿಯನ್ನೂ ಸೇರಿಸಿ.

ಕರಡಿಯ ಮಾತಿನಲ್ಲೇ ಮುಳುಗಿ ನೀವು ಕೇಳದೆ ಬಿಟ್ಟ ಇನ್ನೊಂದಿದೆ. ಕ್ಯಾಂಪ್‌ಗ್ರೌಂಡಿನ ಪಕ್ಕದಲ್ಲೇ ಮರ್ಸೆಡ್ ನದಿ ಹರಿಯುತ್ತದೆ. ಜೂನ್ ಮೊದಲ ವಾರ ಮೇಲಿನ ಹಿಮ ಕರಗಿ ತುಂಬಿ ಬರುವ ಕಾಲ. ನೋಡಲು ತಿಳಿಯಾದ ಹಸಿರು ನೀರು, ಮೊಣಕಾಲಿನಷ್ಟೇ ಆಳ ಎನಿಸುತ್ತದೆ. ಇಳಿದರೆ ಕಾಲು ಮರಗಟ್ಟುವ ಚಳಿ, ತಳದಲ್ಲಿ ನುಣುಪಾದ ಬಂಡೆ, ಸೆಳೆತ. ಹೊಳೆ ಕಂಡ ಕೂಡಲೇ ಕಾಲು ತೊಳೆಯುವುದು, ತಲೆಗೆ ನೀರು ಚಿಮುಕಿಸಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ಅದನ್ನು ಒಂದು ಚೊಂಬು ನೀರು ತಂದುಕೊಟ್ಟು ದಡದಿಂದ ದೂರದಲ್ಲೇ ಮಾಡಿಸಿ. ಐದು ವರ್ಷದ ಮಗುವಿನ ಕೈಯನ್ನು ಅಲ್ಲಿ ಕ್ಷಣವೂ ಬಿಡಬೇಡಿ. ಕರಡಿಯ ವಿಷಯದಲ್ಲಿ ನಾನು ನಿಮಗೆ ಧೈರ್ಯ ಹೇಳುತ್ತೇನೆ, ಈ ನದಿಯ ವಿಷಯದಲ್ಲಿ ಹೆದರಿಸುತ್ತೇನೆ.

ಸಣ್ಣ ಪ್ರಾಣಿಗಳೂ ಇವೆ. ಲಾಲ್‌ಬಾಗಿನಲ್ಲಿ ಅಳಿಲಿಗೆ ಕಡಲೆಕಾಯಿ ಹಾಕಿ ಅಭ್ಯಾಸವಿರುವವರು ಅಲ್ಲಿಯೂ ಜೇಬಿಗೆ ಕೈ ಹಾಕುತ್ತಾರೆ. ಅಲ್ಲಿನ ನೆಲದ ಅಳಿಲು ಬೆರಳನ್ನೇ ಕಡಿಯುತ್ತದೆ, ಅದರ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡಬಹುದು. 2015ರಲ್ಲಿ ಇದೇ ಕಾರಣಕ್ಕೆ ಉದ್ಯಾನದ ಕೆಲವು ಕ್ಯಾಂಪ್‌ಗ್ರೌಂಡುಗಳನ್ನು ಕೆಲ ದಿನ ಮುಚ್ಚಿ ಔಷಧ ಹೊಡೆದಿದ್ದರು. ನಿಮ್ಮ ಮಾವನವರು ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡುವವರಾಗಿದ್ದರೆ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ನಮ್ಮ ತಂದೆಯವರು ಬಂದಿದ್ದಾಗ ಈ ಮಾತು ಸ್ವಲ್ಪ ಬಿಸಿಯೇ ಆಯಿತು. ಯಾವ ಪ್ರಾಣಿ, ಪಕ್ಷಿಗೂ ಅಲ್ಲಿ ತಿನಿಸು ಹಾಕುವಂತಿಲ್ಲ. ಕೊನೆಗೆ ಅವರು ಆ ತುತ್ತನ್ನು ಕಣ್ಣಿಗೊತ್ತಿಕೊಂಡು ತಾವೇ ಉಂಡರು. ಕಪ್ಪು ಜುಟ್ಟಿನ ಒಂದು ನೀಲಿ ಹಕ್ಕಿಯಂತೂ, ಸ್ಟೆಲ್ಲರ್ಸ್ ಜೇ ಎಂದು ಅದರ ಹೆಸರು, ನೀವು ಕೊಡದಿದ್ದರೂ ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತದೆ.

ರಾತ್ರಿಯ ಚಳಿಗೆ ಸಿದ್ಧರಾಗಿ. ಜೂನ್‌ನಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಹತ್ತು, ಹನ್ನೊಂದು ಡಿಗ್ರಿಗೆ ಇಳಿಯುತ್ತದೆ. ನೆಲದಿಂದ ಏರುವ ಚಳಿಯೇ ಹೆಚ್ಚು, ಹಿರಿಯರಿಬ್ಬರಿಗೂ ಮಡಚುವ ಮಂಚ, ಅದರ ಮೇಲೆ ದಪ್ಪ ಹಾಸಿಗೆ ಕೊಡಿ. ಊರಿನಿಂದ ತಂದ ಮಂಕಿ ಕ್ಯಾಪ್‌ಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಶೌಚಾಲಯಕ್ಕೆ ನಡೆದು ಹೋಗಬೇಕು. ತಲೆಗೆ ಕಟ್ಟುವ ಟಾರ್ಚ್ ಇಬ್ಬರಿಗೂ ಒಂದೊಂದು ಇರಲಿ. ರಾತ್ರಿಯ ಮಾತ್ರೆಗಳನ್ನು ಮಲಗುವ ಮುಂಚೆಯೇ ನುಂಗಿ, ಡಬ್ಬಿ ಲಾಕರ್‌ಗೆ ಹೋಗಲಿ. ಬರಿಯ ನೀರಿನ ಬಾಟಲಿ ಟೆಂಟಿನಲ್ಲಿರಬಹುದು. ಬೇಸಿಗೆಯಲ್ಲಿ ಕಣಿವೆಯೊಳಗೆ ಬೆಂಕಿ ಹಾಕಲು ಸಂಜೆ ಐದರಿಂದ ಹತ್ತರವರೆಗೆ ಮಾತ್ರ ಅವಕಾಶ. ಬಿದ್ದ ಸೌದೆ ಆರಿಸುವಂತಿಲ್ಲ, ಅಲ್ಲೇ ಕೊಳ್ಳಬೇಕು.

ಹೋಗುವಾಗ, ಬರುವಾಗ ಕಾರು ನಿಧಾನವಿರಲಿ. ರಸ್ತೆ ಬದಿಯಲ್ಲಿ ಕೆಂಪು ಕರಡಿಯ ಚಿತ್ರವಿರುವ ಹಳದಿ ಫಲಕ ಕಾಣುತ್ತದೆ. ಅಲ್ಲಿ ಕಾರಿಗೆ ಕರಡಿ ಸಿಕ್ಕಿದೆ ಎಂದು ಅರ್ಥ. 1995ರಿಂದ ಈಚೆಗೆ ನಾನೂರಕ್ಕೂ ಹೆಚ್ಚು ಕರಡಿಗಳಿಗೆ ಹೀಗಾಗಿದೆ.

ಅತ್ತೆಯವರು ಇಷ್ಟೆಲ್ಲ ಓದಿ ಹೇಳಿದ ಮೇಲೂ ಕಾರಿನಲ್ಲೇ ಮಲಗುತ್ತೇನೆ ಎಂದರೆ ಮಲಗಲಿ, ನೀವು ಕಾದಿರಿಸಿದ ಜಾಗದೊಳಗೆ ನಿಲ್ಲಿಸಿದ ಕಾರಿನಲ್ಲಿ ಮಲಗಲು ಅಡ್ಡಿಯಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಮಾತ್ರ ಬೇಡ. ಮೂರನೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ಜಾಗ ಬಿಡಬೇಕು. ಹೊರಡುವ ಮುಂಚೆ ಲಾಕರ್‌ನ ಹಿಂದಿನ ಮೂಲೆಗೆ ಟಾರ್ಚ್ ಬಿಟ್ಟು ನೋಡಿ, ಅಲ್ಲಿ ಕತ್ತಲೆ. ನಮ್ಮ ಮನೆಯ ಒಂದು ಮಿಡಿ ಉಪ್ಪಿನಕಾಯಿ ಜಾಡಿ ಅಲ್ಲೇ ಉಳಿದುಹೋಯಿತು. ನಮ್ಮ ನಂತರ ಬಂದವರು ಅದನ್ನು ಏನೆಂದುಕೊಂಡರೋ ಎಂದು ಈಗಲೂ ಆಗಾಗ ಯೋಚನೆ ಬರುತ್ತದೆ.